ಎಂಜಿನಿಯರಿಂಗ್ ಉದ್ಯಮಕ್ಕೆ ಐಎಸ್‌ಒ ಪ್ರಮಾಣಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಷಿನ್ ಶಾಪ್, ಫ್ಯಾಬ್ರಿಕೇಷನ್ ಶೆಡ್, ವಿನ್ಯಾಸ ಕಚೇರಿ ನಡೆಸುವವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಬಹುದು. ಈಗಾಗಲೇ ಪ್ರಮಾಣಪತ್ರ ಇರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಶುರು ಮಾಡುವ ಮುಂಚೆ

ಐಎಸ್‌ಒದವರೇ ಬಂದು ನೋಡಿ ಸರ್ಟಿಫಿಕೇಟ್ ಕೊಡುತ್ತಾರೆಯೇ?

ಇಲ್ಲ. 1947ರಲ್ಲಿ ಶುರುವಾದ, ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಒ ಮಾನದಂಡಗಳನ್ನು ಬರೆಸಿ ಪ್ರಕಟಿಸುತ್ತದೆ. ಯಾವ ಕಂಪನಿಗೂ ಅದು ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವು ಪ್ರಮಾಣೀಕರಣ ಸಂಸ್ಥೆಗಳು. ಅವು ಐಎಸ್‌ಒ/ಐಇಸಿ 17021-1 ಎಂಬ ಇನ್ನೊಂದು ಮಾನದಂಡಕ್ಕೆ ತಕ್ಕಂತೆ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಮಾನ್ಯತಾ ಸಂಸ್ಥೆಗಳಿವೆ. ಅಂದರೆ ನಿಯಮ ಬರೆಯುವವರು ಒಬ್ಬರು, ನಿಮ್ಮನ್ನು ಆಡಿಟ್ ಮಾಡುವವರು ಇನ್ನೊಬ್ಬರು, ಆಡಿಟ್ ಮಾಡುವವರನ್ನು ಆಡಿಟ್ ಮಾಡುವವರು ಮತ್ತೊಬ್ಬರು. "ಐಎಸ್‌ಒದಿಂದ ನೇರವಾಗಿ ಕೊಡಿಸುತ್ತೇವೆ" ಎಂದು ಯಾರಾದರೂ ಬಂದರೆ ಮಾತನ್ನು ಅಲ್ಲಿಗೇ ಮುಗಿಸಿ.

ಸರ್ಟಿಫಿಕೇಟ್ ನಾವು ಮಾಡುವ ಪೀಸ್‌ಗೋ, ಕಂಪನಿಗೋ?

ಕಂಪನಿಯ ನಿರ್ವಹಣಾ ವ್ಯವಸ್ಥೆಗೆ. ನಿಮ್ಮ ಶಾಫ್ಟಿನ ವ್ಯಾಸ 0.02 ಮಿಲಿಮೀಟರ್ ಮಿತಿಯೊಳಗೆ ಇದೆಯೇ ಎಂದು ಐಎಸ್‌ಒ 9001 ಆಡಿಟರ್ ಅಳೆಯುವುದಿಲ್ಲ. ಆ ಮಿತಿ ಇದೆಯೆಂದು ಲೇತಿನ ಮುಂದೆ ನಿಂತವರಿಗೆ ಹೇಗೆ ತಿಳಿಯಿತು, ಯಾವ ಮೈಕ್ರೊಮೀಟರಿನಲ್ಲಿ ಅಳೆದರು, ಮಿತಿ ಮೀರಿದ ಪೀಸ್ ಎಲ್ಲಿಗೆ ಹೋಯಿತು, ಅದನ್ನು ಯಾರು ತೀರ್ಮಾನಿಸಿದರು ಎಂದು ಕೇಳುತ್ತಾರೆ. ಆದ್ದರಿಂದಲೇ ಉತ್ಪನ್ನದ ಮೇಲೋ ಡಬ್ಬಿಯ ಮೇಲೋ ಪ್ರಮಾಣೀಕರಣದ ಗುರುತು ಒತ್ತುವಂತಿಲ್ಲ.

9001, 14001, 45001... ನಮಗೆ ಯಾವುದು ಬೇಕು?

9001 ಗುಣಮಟ್ಟಕ್ಕೆ, 14001 ಪರಿಸರಕ್ಕೆ, 45001 ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದವು. ಬಹುತೇಕ ಎಂಜಿನಿಯರಿಂಗ್ ಕಂಪನಿಗಳು ಮೊದಲನೆಯದರಿಂದ ಶುರು ಮಾಡುತ್ತವೆ. ಅದಕ್ಕೆ ಐತಿಹಾಸಿಕ ಕಾರಣವೂ ಇದೆ. ಅಮೆರಿಕದ ಸೇನೆ ತನ್ನ ಪೂರೈಕೆದಾರರಿಗೆಂದು 1959ರಲ್ಲಿ ತಂದ ಎಂಐಎಲ್-ಕ್ಯೂ-9858ರಂತಹ ನಿಯಮಗಳಿಂದ ಬೆಳೆದು, 1979ರ ಬ್ರಿಟಿಷ್ ಮಾನದಂಡ ಬಿಎಸ್ 5750ರ ಮೂಲಕ ಹಾದು, 1987ರಲ್ಲಿ ಅದು ಐಎಸ್‌ಒ 9001 ಆಯಿತು. ಇಂದು ಹೋಟೆಲು, ಶಾಲೆಗಳೂ ಅದನ್ನು ಪಡೆಯುತ್ತವೆ, ಆದರೆ ಅದು ಹುಟ್ಟಿದ್ದು ಲೋಹ ಕೊರೆಯುವವರ ಮನೆಯಲ್ಲಿ.

14001 ಬಂದದ್ದು 1996ರಲ್ಲಿ. 45001 ಬಂದದ್ದು 2018ರಲ್ಲಿ, ಹಳೆಯ ಒಎಚ್‌ಎಸ್‌ಎಎಸ್ 18001ರ ಜಾಗಕ್ಕೆ. ಪ್ಲೇಟಿಂಗ್, ಪೇಂಟಿಂಗ್, ಫೌಂಡ್ರಿ ಇರುವವರನ್ನು ಗ್ರಾಹಕರು 14001 ಕೇಳುವುದು ಹೆಚ್ಚು. ಗ್ರಾಹಕರ ಸ್ಥಳಕ್ಕೆ ಹೋಗಿ ಯಂತ್ರ ಕೂರಿಸುವವರನ್ನು, ಎತ್ತರದಲ್ಲಿ ಕೆಲಸ ಮಾಡುವವರನ್ನು 45001 ಕೇಳುತ್ತಾರೆ. ಯಾರೂ ಕೇಳದಿದ್ದರೂ ನಿಮ್ಮ ಪವರ್ ಪ್ರೆಸ್ಸುಗಳಿಗೆ ಗಾರ್ಡ್ ಇಲ್ಲದಿದ್ದರೆ ನನ್ನ ಸಲಹೆ 45001ರಿಂದ ಶುರು ಮಾಡಿ ಎಂದೇ.

ನಾವಿರುವುದು ಹನ್ನೆರಡೇ ಜನ. ಇದೆಲ್ಲ ದೊಡ್ಡ ಕಾರ್ಖಾನೆಗಳಿಗಲ್ಲವೇ?

ಇಷ್ಟು ಜನ ಇರಬೇಕೆಂದು ಮಾನದಂಡದಲ್ಲಿ ಎಲ್ಲೂ ಇಲ್ಲ. ಸಣ್ಣ ಕಂಪನಿಗೆ ಒಂದು ಅನುಕೂಲವೂ ಇದೆ: ಮಾಲೀಕರು ದಿನಾ ಯಂತ್ರಗಳ ನಡುವೆಯೇ ಓಡಾಡುತ್ತಾರೆ, ತೀರ್ಮಾನ ಬೇಗ ಆಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಎಲ್ಲವೂ ಒಬ್ಬರ ತಲೆಯಲ್ಲಿ ಇರುತ್ತದೆ. ಆ ಹಳೆಯ ಫೋರ್‌ಮನ್ ರಜೆ ಹಾಕಿದ ದಿನ ಫಿಕ್ಸ್‌ಚರ್ ಹೇಗೆ ಕಟ್ಟಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. 9001ರ 2015ರ ಆವೃತ್ತಿಯ 7.1.6ನೇ ವಿಧಿ ಸಂಸ್ಥೆಯ ತಿಳಿವಳಿಕೆಯನ್ನು ಉಳಿಸಿಕೊಳ್ಳಬೇಕು ಎನ್ನುತ್ತದೆ. ಸಣ್ಣ ಕಂಪನಿಗೆ ಇಡೀ ಮಾನದಂಡದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಆ ಒಂದು ವಿಧಿ.

ಒಂದು ವಾರದಲ್ಲಿ, ಯಾರೂ ಬರದೆಯೇ ಕೊಡಿಸುತ್ತೇವೆ ಎನ್ನುತ್ತಾರೆ. ಅಗ್ಗವೂ ಹೌದು. ತೆಗೆದುಕೊಳ್ಳಬಹುದೇ?

ಗೋಡೆಗೆ ಚಿತ್ರ ಬೇಕಿದ್ದರೆ ತೆಗೆದುಕೊಳ್ಳಿ. ಆಡಿಟ್ ಇಲ್ಲದೆ ಬಂದ ಕಾಗದವನ್ನು ಗಂಭೀರ ಗ್ರಾಹಕರ ಖರೀದಿ ವಿಭಾಗ ಒಂದೇ ನೋಟದಲ್ಲಿ ಪಕ್ಕಕ್ಕಿಡುತ್ತದೆ. ಪ್ರಮಾಣಪತ್ರದಲ್ಲಿ ಪ್ರಮಾಣೀಕರಣ ಸಂಸ್ಥೆಯ ಹೆಸರಿನ ಜೊತೆ ಮಾನ್ಯತಾ ಸಂಸ್ಥೆಯ ಗುರುತು ಇರಬೇಕು. ಆ ಮಾನ್ಯತಾ ಸಂಸ್ಥೆ ಐಎಎಫ್‌ನ (ಮಾನ್ಯತಾ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಪರಸ್ಪರ ಮಾನ್ಯತೆ ಒಪ್ಪಂದಕ್ಕೆ ಸಹಿ ಹಾಕಿದ್ದಾಗಿರಬೇಕು. ಹಾಗಿದ್ದರೆ ಒಂದು ದೇಶದ ಪ್ರಮಾಣಪತ್ರ ಇನ್ನೊಂದು ದೇಶದಲ್ಲೂ ನಡೆಯುತ್ತದೆ. ಇನ್ನೂ ಒಂದು ವಿಷಯವನ್ನು ಹಲವರು ನೋಡುವುದಿಲ್ಲ: ಆ ಸಂಸ್ಥೆಗೆ ನಿಮ್ಮ ಕೆಲಸದ ವರ್ಗದಲ್ಲಿ ಮಾನ್ಯತೆ ಇದೆಯೇ? ಜವಳಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಯಂತ್ರೋಪಕರಣಗಳಿಗೂ ಇದೆ ಎಂದಲ್ಲ.

ಸಲಹೆಗಾರರು ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ಮಾನದಂಡವನ್ನು ಕೊಂಡು ಎರಡು ಸಲ ನಿಧಾನವಾಗಿ ಓದುವ ಒಬ್ಬರು ಕಂಪನಿಯಲ್ಲಿದ್ದರೆ ಸಾಕು. ಪದಗಳ ಅರ್ಥಕ್ಕೆ ಐಎಸ್‌ಒ 9000 ಜೊತೆಯಲ್ಲಿರಲಿ. ಸಲಹೆಗಾರರನ್ನು ಇಟ್ಟುಕೊಳ್ಳುವುದಾದರೆ ಅವರು ಮೊದಲ ದಿನ ಏನು ಮಾಡುತ್ತಾರೆ ನೋಡಿ. ಶಾಪ್ ಸುತ್ತಿ, ಒಂದು ಜಾಬ್ ಆರ್ಡರಿನಿಂದ ಡಿಸ್ಪ್ಯಾಚ್‌ವರೆಗೆ ಹೇಗೆ ಸಾಗುತ್ತದೆ ಎಂದು ಕೇಳಿದರೆ ಒಳ್ಳೆಯ ಲಕ್ಷಣ. ಚೀಲದಿಂದ ಪೆನ್ ಡ್ರೈವ್ ತೆಗೆದು "ಎಲ್ಲ ಫಾರ್ಮ್ಯಾಟ್ ಇದೆ, ಹೆಸರು ಬದಲಾಯಿಸಿದರೆ ಆಯಿತು" ಎಂದರೆ ಕೈ ಮುಗಿದು ಕಳಿಸಿ. ಹಾಗೆ ತಂದ ಕೈಪಿಡಿಗಳಲ್ಲಿ ಹಿಂದಿನ ಗ್ರಾಹಕರ ಹೆಸರು ಎಲ್ಲೋ ಒಂದು ಪುಟದಲ್ಲಿ ಉಳಿದುಬಿಡುತ್ತದೆ, ಆಡಿಟರ್ ಕಣ್ಣಿಗೆ ಬೀಳುವುದು ಅದೇ ಪುಟ.

ನಿಮಗೆ ಸಲಹೆ ಕೊಟ್ಟವರೇ ನಿಮಗೆ ಪ್ರಮಾಣಪತ್ರ ಕೊಡುವಂತಿಲ್ಲ. ಪ್ರಮಾಣೀಕರಣ ಸಂಸ್ಥೆಯ ನಿಷ್ಪಕ್ಷಪಾತಕ್ಕೆ ಇದು ಕಡ್ಡಾಯ ಷರತ್ತು.

ಒಟ್ಟು ಎಷ್ಟು ತಿಂಗಳು ಹಿಡಿಯುತ್ತದೆ?

ಸಣ್ಣ ಅಥವಾ ಮಧ್ಯಮ ಕಂಪನಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ತಿಂಗಳು. ಬರೆಯುವುದಕ್ಕೆ ಅಷ್ಟು ಬೇಕಿಲ್ಲ. ಬರೆದಂತೆ ನಡೆದಿದ್ದಕ್ಕೆ ದಾಖಲೆ ಸೇರಲು ಸಮಯ ಬೇಕು. ಅಂತಿಮ ಆಡಿಟ್‌ಗೆ ಮುಂಚೆ ಒಂದು ಪೂರ್ತಿ ಆಂತರಿಕ ಆಡಿಟ್ ಮತ್ತು ಒಂದು ಆಡಳಿತ ಪರಿಶೀಲನಾ ಸಭೆ (ವ್ಯವಸ್ಥೆ ಹೇಗೆ ನಡೆಯುತ್ತಿದೆ ಎಂದು ಮಾಲೀಕರೇ ಕುಳಿತು ನೋಡುವ ಸಭೆ) ಮುಗಿದಿರಬೇಕು.

## ಸಿದ್ಧತೆಯ ದಿನಗಳು

ಮಾನದಂಡ ಕೈಯಲ್ಲಿದೆ. ಎಲ್ಲಿಂದ ಶುರು ಮಾಡುವುದು?

4ನೇ ವಿಧಿಯಿಂದ ಸಾಲಾಗಿ ಬರೆಯುತ್ತ ಹೋಗಬೇಡಿ. ಕಳೆದ ತಿಂಗಳು ಕಳಿಸಿದ ಒಂದು ಜಾಬ್ ತೆಗೆದುಕೊಳ್ಳಿ. ಅದರ ವಿಚಾರಣೆ, ದರಪಟ್ಟಿ, ಆರ್ಡರ್, ಡ್ರಾಯಿಂಗ್, ಮಾಲಿನ ಖರೀದಿ, ಜಾಬ್ ಕಾರ್ಡ್, ತಪಾಸಣೆ, ಡಿಸ್ಪ್ಯಾಚ್ ಎಲ್ಲದರ ಕಾಗದಗಳನ್ನು ಒಂದು ಮೇಜಿನ ಮೇಲೆ ಸಾಲಾಗಿ ಹರಡಿ. ಎಲ್ಲಿ ಕಾಗದವಿಲ್ಲವೋ, ಎಲ್ಲಿ "ಅದು ಫೋನಿನಲ್ಲಿ ಮಾತಾಗಿತ್ತು" ಎಂಬ ಉತ್ತರ ಬರುತ್ತದೆಯೋ ಅಲ್ಲಿ ಗುರುತು ಹಾಕಿ. ಮೂರು ಜಾಬ್‌ಗಳಿಗೆ ಹೀಗೆ ಮಾಡಿದರೆ ಕೊರತೆಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಆಮೇಲೆ ಆ ಪಟ್ಟಿಯನ್ನು ವಿಧಿಗಳ ಪಕ್ಕ ಇಟ್ಟು ನೋಡಿ.

ಎಂಜಿನಿಯರಿಂಗ್ ಕಂಪನಿಗಳಲ್ಲಿ ಈ ಪಟ್ಟಿಯ ಮೇಲ್ಭಾಗದಲ್ಲಿ ಬಹುತೇಕ ಒಂದೇ ವಿಷಯ ಇರುತ್ತದೆ: ಡ್ರಾಯಿಂಗಿನ ಪರಿಷ್ಕರಣೆ. ಗ್ರಾಹಕರು ಇಮೇಲಿನಲ್ಲಿ "ರೆವ್ ಸಿ" ಕಳಿಸಿರುತ್ತಾರೆ, ಯಂತ್ರದ ಪಕ್ಕ ಎಣ್ಣೆ ಬಳಿದುಕೊಂಡು ನೇತಾಡುತ್ತಿರುವುದು "ರೆವ್ ಬಿ". ಹಳೆಯ ಪ್ರತಿಯನ್ನು ವಾಪಸ್ ಪಡೆದು ಹೊಸದನ್ನು ಕೊಡುವ ಕೆಲಸ ಯಾರದು ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ರಿಜೆಕ್ಷನ್ನಿನ ಒಂದು ದೊಡ್ಡ ಪಾಲು ಅಲ್ಲಿಗೇ ನಿಲ್ಲುತ್ತದೆ.

ಕ್ವಾಲಿಟಿ ಮ್ಯಾನುಯಲ್ ಎಷ್ಟು ದಪ್ಪ ಇರಬೇಕು?

ಇರಲೇಬೇಕೆಂದೇ ಇಲ್ಲ. 2008ರ ಆವೃತ್ತಿಯವರೆಗೆ ಮ್ಯಾನುಯಲ್, ಆರು ಲಿಖಿತ ಕಾರ್ಯವಿಧಾನಗಳು ಮತ್ತು ಆಡಳಿತದ ಪ್ರತಿನಿಧಿ ಎಂಬ ಹುದ್ದೆ ಕಡ್ಡಾಯವಾಗಿದ್ದವು. 2015ರಲ್ಲಿ ಮೂರೂ ಹೋದವು. ಈಗ ವ್ಯಾಪ್ತಿ (ವ್ಯವಸ್ಥೆ ನಿಮ್ಮ ಯಾವ ಯಾವ ಕೆಲಸಗಳಿಗೆ ಎಂಬ ಬರಹ), ಗುಣಮಟ್ಟದ ನೀತಿ ಮತ್ತು ಗುರಿಗಳು, ಹಾಗೂ ಅಲ್ಲಲ್ಲಿ ಹೇಳಿರುವ ದಾಖಲೆಗಳು ಸಾಕು. ಉಳಿದದ್ದು ನಿಮ್ಮ ವಿವೇಚನೆಗೆ ಬಿಟ್ಟದ್ದು. ಹೋದ ಹುದ್ದೆಯ ಜವಾಬ್ದಾರಿ ಮಾತ್ರ ಎಲ್ಲೂ ಹೋಗಿಲ್ಲ, 5ನೇ ವಿಧಿಯ ಮೂಲಕ ನೇರವಾಗಿ ಮಾಲೀಕರ ಹೆಗಲಿಗೆ ಬಂದಿದೆ. ಹಲವರು ಈ ಬದಲಾವಣೆಯ ಮೊದಲ ಅರ್ಧವನ್ನು ಮಾತ್ರ ಓದಿ ಖುಷಿಪಟ್ಟರು.

ಗ್ರಾಹಕರ ಡ್ರಾಯಿಂಗ್ ಪ್ರಕಾರ ಮಾಡಿಕೊಡುತ್ತೇವೆ. ವಿನ್ಯಾಸದ ವಿಧಿಯನ್ನು ಬಿಟ್ಟುಬಿಡಬಹುದೇ?

ನಿಜವಾಗಿ ವಿನ್ಯಾಸ ಮಾಡುತ್ತಿಲ್ಲವಾದರೆ 8.3ನೇ ವಿಧಿ ಅನ್ವಯಿಸುವುದಿಲ್ಲ ಎಂದು ಕಾರಣ ಸಹಿತ ವ್ಯಾಪ್ತಿಯಲ್ಲಿ ಬರೆಯಬಹುದು. 2000ಕ್ಕೆ ಮುಂಚೆ ಇಂತಹವರಿಗೆಂದೇ ಐಎಸ್‌ಒ 9002 ಎಂಬ ಪ್ರತ್ಯೇಕ ಮಾನದಂಡವಿತ್ತು. ಹಳಬರ ಬಾಯಲ್ಲಿ ಇನ್ನೂ ಆ ಸಂಖ್ಯೆ ಕೇಳಿಬರುತ್ತದೆ.

ಆದರೆ ಬಿಡುವ ಮುಂಚೆ ಪ್ರಾಮಾಣಿಕವಾಗಿ ಯೋಚಿಸಿ. ಗ್ರಾಹಕರು ಹೊರ ಅಳತೆ ಮತ್ತು ಭಾರ ಹೇಳಿ, ಬ್ರ್ಯಾಕೆಟ್ ಹೇಗಿರಬೇಕೆಂದು ನಿಮಗೇ ಬಿಟ್ಟರೆ ಅದು ವಿನ್ಯಾಸ. ಗ್ರಾಹಕರ ಪರವಾಗಿ ಮಾಲು ಬದಲಿಸಿ ವೆಲ್ಡಿನ ಗಾತ್ರವನ್ನು ನೀವೇ ಲೆಕ್ಕ ಹಾಕಿದರೆ ಅದೂ ವಿನ್ಯಾಸವೇ. ನಿಮ್ಮ ಜಾಹೀರಾತಿನಲ್ಲಿ "ವಿನ್ಯಾಸದಿಂದ ಸ್ಥಾಪನೆಯವರೆಗೆ" ಎಂದಿದ್ದು, ವ್ಯಾಪ್ತಿಯಲ್ಲಿ "ವಿನ್ಯಾಸವಿಲ್ಲ" ಎಂದಿದ್ದರೆ ಆಡಿಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಮುಖ ನೋಡುತ್ತಾರೆ.

ಶಾಪಿನಲ್ಲಿರುವ ಪ್ರತಿ ಅಳತೆ ಸಾಧನವನ್ನೂ ಕ್ಯಾಲಿಬ್ರೇಟ್ (ಸರಿಯಾಗಿ ಅಳೆಯುತ್ತದೆಯೇ ಎಂಬ ಪರೀಕ್ಷೆ) ಮಾಡಿಸಬೇಕೇ?

ಪೀಸ್ ಸರಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಲು ಬಳಸುವ ಪ್ರತಿಯೊಂದನ್ನೂ ಮಾಡಿಸಬೇಕು. ಬಾರನ್ನು ಅಂದಾಜಿಗೆ ಕತ್ತರಿಸಲು ಬಳಸುವ ಟೇಪನ್ನು ಬಿಡಬಹುದು, ಆದರೆ ಅದರ ಮೇಲೆ "ತಪಾಸಣೆಗಲ್ಲ" ಎಂಬ ಗುರುತಿರಲಿ. ಪ್ಲಗ್ ಗೇಜ್, ಥ್ರೆಡ್ ಗೇಜ್, ಟಾರ್ಕ್ ರೆಂಚುಗಳನ್ನು ಜನ ಮರೆಯುತ್ತಾರೆ. ಕೆಲಸಗಾರರ ಸ್ವಂತ ವರ್ನಿಯರ್‌ಗಳಂತೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಎಲ್ಲ ಜೇಬಿನಲ್ಲೂ ಇರುತ್ತವೆ.

ಕ್ಯಾಲಿಬ್ರೇಟ್ ಮಾಡುವ ಪ್ರಯೋಗಾಲಯ ಐಎಸ್‌ಒ/ಐಇಸಿ 17025ರ ಮಾನ್ಯತೆ ಪಡೆದದ್ದಾದರೆ ಒಳ್ಳೆಯದು. ಆದರೆ ವರದಿ ಬಂದಾಗ ಫೈಲಿಗೆ ಸೇರಿಸಿ ಕೈ ತೊಳೆದುಕೊಂಡರೆ ಉಪಯೋಗವಿಲ್ಲ, ಅದನ್ನು ಓದಬೇಕು. ಮೈಕ್ರೊಮೀಟರಿನಲ್ಲಿ 8 ಮೈಕ್ರಾನ್ ದೋಷ ಇದೆ ಎಂದು ವರದಿ ಹೇಳುತ್ತಿದ್ದು, ನೀವು ಅದರಲ್ಲೇ 20 ಮೈಕ್ರಾನ್ ಮಿತಿಯ ಪೀಸ್ ಪಾಸು ಮಾಡುತ್ತಿದ್ದರೆ ಆ ಕಾಗದ ನಿಮ್ಮ ವಿರುದ್ಧವೇ ಸಾಕ್ಷಿ.

ಇದಕ್ಕಿಂತ ಕಠಿಣವಾದ ಮಾತು 7.1.5.2ರ ಕೊನೆಯಲ್ಲಿದೆ. ಸಾಧನ ಕೆಟ್ಟಿದೆ ಎಂದು ಗೊತ್ತಾದಾಗ ಅದರಿಂದ ಹಿಂದೆ ಅಳೆದ ಪೀಸುಗಳು ಏನಾದವು ಎಂದು ನೋಡಬೇಕು. ಯಾವ ಗೇಜಿನಿಂದ ಯಾವ ಜಾಬ್ ಅಳೆದೆವು ಎಂಬ ಗುರುತು ತಪಾಸಣಾ ವರದಿಯಲ್ಲಿ ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ವರದಿಯಲ್ಲಿ ಸಾಧನದ ಸಂಖ್ಯೆಗೊಂದು ಕಾಲಂ ಸೇರಿಸಲು ಎರಡು ನಿಮಿಷ ಸಾಕು.

ವೆಲ್ಡಿಂಗ್, ಹೀಟ್ ಟ್ರೀಟ್‌ಮೆಂಟ್ ಎಂದರೆ ಆಡಿಟರ್ ಅಷ್ಟೊಂದು ಕೆದಕುವುದು ಏಕೆ?

ಮುಗಿದ ಮೇಲೆ ಅಳೆದು ಪೂರ್ತಿ ಖಚಿತಪಡಿಸಿಕೊಳ್ಳಲು ಆಗದ ಕೆಲಸಗಳು ಅವು. ವೆಲ್ಡಿನ ಒಳಗಿನ ಬಲವನ್ನು ನೋಡಬೇಕೆಂದರೆ ಅದನ್ನು ಮುರಿಯಬೇಕು. ಮುರಿದ ಪೀಸನ್ನು ಮಾರಲಾಗದು. ಹಾಗಾಗಿ ಫಲಿತಾಂಶದ ಬದಲು ವಿಧಾನವನ್ನು ಮೊದಲೇ ಸಾಬೀತು ಮಾಡಿಟ್ಟುಕೊಳ್ಳಬೇಕು. ವೆಲ್ಡಿಂಗಿನಲ್ಲಿ ಇದರ ಅರ್ಥ ಡಬ್ಲ್ಯುಪಿಎಸ್ (ವೆಲ್ಡ್ ಹೇಗೆ ಮಾಡಬೇಕೆಂಬ ಲಿಖಿತ ವಿಧಾನ) ಇರುವುದು, ಅದನ್ನು ಪರೀಕ್ಷೆಯಿಂದ ಸಮರ್ಥಿಸುವುದು, ವೆಲ್ಡರ್ ಅರ್ಹತಾ ಪರೀಕ್ಷೆ ಪಾಸಾಗಿರುವುದು. ಉಕ್ಕಿನ ವೆಲ್ಡಿಂಗಿಗೆ ಈ ಎರಡು ಪರೀಕ್ಷೆಗಳ ಮಾನದಂಡಗಳು ಕ್ರಮವಾಗಿ ಐಎಸ್‌ಒ 15614-1 ಮತ್ತು ಐಎಸ್‌ಒ 9606-1. ಎರಡನೆಯದರಲ್ಲಿ ಆರು ತಿಂಗಳಿಗೊಮ್ಮೆ ವೆಲ್ಡರ್ ಆ ಕೆಲಸದಲ್ಲೇ ಇದ್ದಾರೆ ಎಂದು ಸಹಿ ಬೀಳಬೇಕು. ಅದು ಖಾಲಿ ಉಳಿಯುವುದು ಸರ್ವೇಸಾಮಾನ್ಯ. ವೆಲ್ಡಿಂಗೇ ನಿಮ್ಮ ಮುಖ್ಯ ಕಸುಬಾಗಿದ್ದರೆ 9001ರ ಜೊತೆಗೆ ಐಎಸ್‌ಒ 3834ನ್ನೂ ನೋಡಿ.

ಪ್ಲೇಟಿಂಗ್ ಹೊರಗೆ ಕೊಡುತ್ತೇವೆ. ಅದು ಕೆಟ್ಟರೆ ಜವಾಬ್ದಾರಿ ಅವರದಲ್ಲವೇ?

ಗ್ರಾಹಕರ ಆರ್ಡರ್ ಬಂದಿರುವುದು ನಿಮ್ಮ ಹೆಸರಿಗೆ. 8.4ನೇ ವಿಧಿಯ ಪ್ರಕಾರ ಹೊರಗೆ ಕೊಟ್ಟ ಕೆಲಸವೂ ನಿಮ್ಮ ಹತೋಟಿಯಲ್ಲಿರಬೇಕು: ಅವರನ್ನು ಏಕೆ ಆರಿಸಿದಿರಿ, ಎಷ್ಟು ದಪ್ಪದ ಲೇಪನ ಬೇಕೆಂದು ಬರೆದು ಕೊಟ್ಟಿರಾ, ವಾಪಸ್ ಬಂದಾಗ ಏನು ನೋಡಿದಿರಿ, ಅವರ ಕೆಲಸ ಹೇಗೆ ನಡೆಯುತ್ತಿದೆ ಎಂಬ ಲೆಕ್ಕ ಇದೆಯೇ. "ಎಂದಿನಂತೆ ಮಾಡಿ" ಎಂದು ಚಲನ್ನಿನ ಮೇಲೆ ಬರೆದು ಕಳಿಸಿದ ಕಂಪನಿಗೆ ವಾಪಸ್ ಬಂದದ್ದು ಸರಿಯೋ ತಪ್ಪೋ ಎಂದು ಹೇಳಲು ಆಧಾರವೇ ಇರುವುದಿಲ್ಲ.

ಕಚ್ಚಾ ಮಾಲಿನ ಹೀಟ್ ನಂಬರನ್ನು (ಲೋಹ ಯಾವ ಕರಗಿಕೆಯದು ಎಂಬ ಸಂಖ್ಯೆ) ಎಲ್ಲಿಯವರೆಗೆ ಹೊತ್ತು ತಿರುಗಬೇಕು?

ಗ್ರಾಹಕರು, ಕಾನೂನು ಅಥವಾ ಉತ್ಪನ್ನದ ಮಾನದಂಡ ಕೇಳಿದಷ್ಟು ದೂರ. 9001 ಸ್ವತಃ ಎಲ್ಲ ಪೀಸಿಗೂ ಅದನ್ನು ಕಡ್ಡಾಯ ಮಾಡುವುದಿಲ್ಲ. ಗೇಟಿನ ಗ್ರಿಲ್ಲಿಗೆ ಅದು ಬೇಡ, ಒತ್ತಡದ ಪಾತ್ರೆಗೆ ಬೇಕೇ ಬೇಕು. ಬೇಕಾದ ಕಡೆ ದಾರ ಕಡಿಯುವ ಜಾಗ ಒಂದೇ: ಪ್ಲೇಟನ್ನು ಕತ್ತರಿಸಿದಾಗ ಸಂಖ್ಯೆ ಇರುವ ತುಂಡು ಒಂದು ಕಡೆಗೆ, ಉಳಿದ ತುಂಡು ಸಂಖ್ಯೆಯಿಲ್ಲದೆ ರ್‍ಯಾಕಿಗೆ ಹೋಗುತ್ತದೆ. ಕತ್ತರಿಸುವ ಮುಂಚೆಯೇ ಎರಡೂ ಕಡೆ ಸಂಖ್ಯೆ ಪಂಚ್ ಮಾಡುವ ರೂಢಿ ಬಂದರೆ ಮಾಲಿನ ತಯಾರಕರು ಕೊಡುವ ಇಎನ್ 10204ರ 3.1 ಪರೀಕ್ಷಾ ಪ್ರಮಾಣಪತ್ರಕ್ಕೂ ಪೀಸಿಗೂ ಕೊನೆಯವರೆಗೆ ಸಂಬಂಧ ಉಳಿಯುತ್ತದೆ.

ರಿಸ್ಕ್ ಎಂದು ದೊಡ್ಡ ಕೋಷ್ಟಕ ಮಾಡಿ ಅಂಕ ಹಾಕಬೇಕಂತೆ?

9001ರಲ್ಲಿ ಹಾಗೆಂದು ಎಲ್ಲೂ ಇಲ್ಲ. ಅಪಾಯ ಮತ್ತು ಅವಕಾಶಗಳನ್ನು ಗುರುತಿಸಿ ಕ್ರಮ ಕೈಗೊಳ್ಳಿ ಎಂದಿದೆ. ಒಂದೇ ಸಿಎನ್‌ಸಿ ಯಂತ್ರದ ಮೇಲೆ ಮುಕ್ಕಾಲು ಆದಾಯ ನಿಂತಿದ್ದರೆ, ಅದು ಕೆಟ್ಟ ದಿನ ಏನು ಮಾಡುತ್ತೀರಿ ಎಂದು ಹೇಳುವ ಐದು ಸಾಲು ನೂರು ಚೌಕದ ಕೋಷ್ಟಕಕ್ಕಿಂತ ಮೇಲು. 45001ರಲ್ಲಿ ಮಾತ್ರ ಅಪಾಯಗಳ ಗುರುತಿಸುವಿಕೆ ನಿಜವಾಗಿಯೂ ವಿವರವಾಗಿರಬೇಕು.

## ಆಡಿಟ್

ಇಂಟರ್ನಲ್ ಆಡಿಟ್ ಮಾಡಲು ನಮ್ಮಲ್ಲಿ ಯಾರೂ ಇಲ್ಲ. ಯಾರು ಮಾಡಬೇಕು?

ತಾನು ಮಾಡಿದ ಕೆಲಸವನ್ನು ತಾನೇ ಆಡಿಟ್ ಮಾಡದ, ಹೇಗೆ ಕೇಳಬೇಕೆಂದು ಕಲಿತ ಯಾರು ಬೇಕಾದರೂ ಮಾಡಬಹುದು. ಸ್ಟೋರ್ಸಿನವರು ತಪಾಸಣೆಯನ್ನು ನೋಡಲಿ, ತಪಾಸಣೆಯವರು ಖರೀದಿಯನ್ನು ನೋಡಲಿ. ಹೊರಗಿನವರನ್ನು ಕರೆಸುವುದೂ ಸರಿ, ಆದರೆ ನನ್ನ ಒಲವು ಒಳಗಿನವರ ಕಡೆಗೆ. ಯಾವ ಯಂತ್ರ ಎಲ್ಲಿ ತಾಳ ತಪ್ಪುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ, ಕೇಳುವ ಅಧಿಕಾರ ಮಾತ್ರ ಇದುವರೆಗೆ ಇರಲಿಲ್ಲ. ಇಂಟರ್ನಲ್ ಆಡಿಟಿನಲ್ಲಿ ಒಂದೂ ಕೊರತೆ ಸಿಗಲಿಲ್ಲ ಎಂಬ ವರದಿಯನ್ನು ಹೊರಗಿನ ಆಡಿಟರ್ ಹೆಮ್ಮೆಯಿಂದ ನೋಡುವುದಿಲ್ಲ, ಅನುಮಾನದಿಂದ ನೋಡುತ್ತಾರೆ. ಹೇಗೆ ಮಾಡಬೇಕೆಂಬುದಕ್ಕೆ ಐಎಸ್‌ಒ 19011 ಒಳ್ಳೆಯ ಮಾರ್ಗದರ್ಶಿ.

ಸ್ಟೇಜ್ 1, ಸ್ಟೇಜ್ 2 ಅಂದರೆ ಏನು? ಎಷ್ಟು ದಿನ ಕುಳಿತಿರುತ್ತಾರೆ?

ಸ್ಟೇಜ್ 1ರಲ್ಲಿ ನೀವು ಸಿದ್ಧರಿದ್ದೀರಾ ಎಂದು ನೋಡುತ್ತಾರೆ: ವ್ಯಾಪ್ತಿ, ದಾಖಲೆ, ಆಂತರಿಕ ಆಡಿಟ್, ಆಡಳಿತ ಪರಿಶೀಲನೆ. ಸ್ಟೇಜ್ 2ರಲ್ಲಿ ನಡೆಯುತ್ತಿರುವ ಕೆಲಸವನ್ನು ನೋಡುತ್ತಾರೆ. 9001ಕ್ಕೆ ಎರಡೂ ಸೇರಿ ಎಷ್ಟು ದಿನ ಎಂಬುದಕ್ಕೆ ಐಎಎಫ್‌ನ ಎಂಡಿ 5 ಎಂಬ ದಾಖಲೆಯಲ್ಲಿ ಕೋಷ್ಟಕವಿದೆ: ಐದು ಜನರವರೆಗೆ ಒಂದೂವರೆ ದಿನ, 11ರಿಂದ 15 ಜನರಿಗೆ ಎರಡೂವರೆ, 26ರಿಂದ 45ಕ್ಕೆ ನಾಲ್ಕು, 86ರಿಂದ 125ಕ್ಕೆ ಏಳು. ಕೆಲಸದ ಸಂಕೀರ್ಣತೆಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ, ಆದರೆ ಇಳಿಕೆ ಶೇ 30 ಮೀರುವಂತಿಲ್ಲ. ನಲವತ್ತು ಜನರ ಕಾರ್ಖಾನೆಗೆ ಯಾರಾದರೂ ಒಂದೇ ದಿನದ ದರಪಟ್ಟಿ ಕೊಟ್ಟರೆ ಕೋಷ್ಟಕ ತೋರಿಸಿ ಕಾರಣ ಕೇಳಿ.

ಆಡಿಟರ್ ಕೆಲಸಗಾರರನ್ನೇ ಮಾತನಾಡಿಸುತ್ತಾರಂತೆ. ಏನು ಹೇಳಬೇಕೆಂದು ಉರು ಹೊಡೆಸಬೇಕೇ?

ದಯವಿಟ್ಟು ಬೇಡ. ಗುಣಮಟ್ಟದ ನೀತಿಯನ್ನು ಕಂಠಪಾಠ ಮಾಡಿಸಿದ ಕಂಪನಿಗಳಲ್ಲಿ ಎಲ್ಲರೂ ಒಂದೇ ವಾಕ್ಯ ಒಪ್ಪಿಸುತ್ತಾರೆ, ಮುಂದಿನ ಪ್ರಶ್ನೆಗೆ ಎಲ್ಲರೂ ಮೌನ. "ಈ ಪೀಸ್ ಅಳತೆ ಮೀರಿದರೆ ಏನು ಮಾಡುತ್ತೀರಿ?" ಎಂದು ಕೇಳಿದಾಗ ಪಕ್ಕದ ಕೆಂಪು ಡಬ್ಬಿಯತ್ತ ಕೈ ತೋರಿಸುವ ಕೆಲಸಗಾರರು ಹತ್ತು ಪುಟದ ಕಾರ್ಯವಿಧಾನಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತಾರೆ. ಅವರಿಗೆ ಹೇಳಬೇಕಾದ್ದು ಇಷ್ಟೇ: ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದಿದ್ದರೆ ಯಾರನ್ನು ಕೇಳುತ್ತೀರೋ ಅವರ ಹೆಸರು ಹೇಳಿ. ಮ್ಯಾನೇಜರು ನಡುವೆ ಬಾಯಿ ಹಾಕದಿದ್ದರೆ ಅರ್ಧ ಕೆಲಸ ಆದಂತೆ.

ಎನ್‌ಸಿ ಬಂದರೆ ಫೇಲ್ ಆದಂತೆಯೇ?

ಅಲ್ಲ. ಎನ್‌ಸಿ ಎಂದರೆ ಮಾನದಂಡಕ್ಕೆ ಹೊಂದದ ಕೊರತೆ. ಸಣ್ಣ ಎನ್‌ಸಿ ಎಂದರೆ ವ್ಯವಸ್ಥೆ ಇದೆ, ಒಂದು ಕಡೆ ಜಾರಿದೆ. ಕಾರಣ ಮತ್ತು ಸರಿಪಡಿಸುವ ಯೋಜನೆ ಕೊಟ್ಟರೆ ಮುಂದೆ ಸಾಗುತ್ತದೆ. ದೊಡ್ಡ ಎನ್‌ಸಿ ಎಂದರೆ ಉದ್ದೇಶಿತ ಫಲಿತಾಂಶವೇ ಸಿಗುತ್ತದೋ ಇಲ್ಲವೋ ಎಂಬ ಸಂಶಯ. ಅದನ್ನು ಸರಿಪಡಿಸಿದ್ದನ್ನು ಆಡಿಟರ್ ಖಚಿತಪಡಿಸಿಕೊಳ್ಳುವವರೆಗೆ ಪ್ರಮಾಣಪತ್ರ ಬರುವುದಿಲ್ಲ. ಸ್ಟೇಜ್ 2 ಮುಗಿದು ಆರು ತಿಂಗಳೊಳಗೆ ಅದು ಆಗದಿದ್ದರೆ ಸ್ಟೇಜ್ 2 ಮತ್ತೊಮ್ಮೆ ನಡೆಯಬೇಕು. ಆಡಿಟರ್ ಹೇಳಿದ್ದು ತಪ್ಪೆನಿಸಿದರೆ ಯಾವ ವಿಧಿ, ಯಾವ ಸಾಕ್ಷ್ಯ ಎಂದು ಕೇಳಿ. ವಿಧಿ ತೋರಿಸಲಾಗದ ಎನ್‌ಸಿ ನಿಲ್ಲುವುದಿಲ್ಲ. ಮೇಲ್ಮನವಿಗೆ ಪ್ರಮಾಣೀಕರಣ ಸಂಸ್ಥೆಯಲ್ಲೇ ದಾರಿ ಇರಬೇಕು.

ಮೂಲ ಕಾರಣ "ಆಪರೇಟರ್ ಅಜಾಗರೂಕತೆ", ಕ್ರಮ "ತರಬೇತಿ ಕೊಡಲಾಗಿದೆ" ಎಂದು ಬರೆದೆವು. ವಾಪಸ್ ಕಳಿಸಿದರು. ಏಕೆ?

ಅದು ಕಾರಣವಲ್ಲ, ತಿಪ್ಪೆ ಸಾರಿಸುವುದು. ಒಂದು ಉದಾಹರಣೆ ನೋಡೋಣ. ಫ್ಲ್ಯಾಂಜಿನಲ್ಲಿ ಎಂಟು ರಂಧ್ರ ಇರಬೇಕಾದ ಕಡೆ ಆರು ಕೊರೆದರು. ಏಕೆ? ಹಳೆಯ ಡ್ರಾಯಿಂಗ್ ನೋಡಿದರು. ಹಳೆಯದು ಅಲ್ಲಿ ಹೇಗಿತ್ತು? ಹೊಸದನ್ನು ಕೊಟ್ಟಾಗ ಯಾರೂ ವಾಪಸ್ ಪಡೆಯಲಿಲ್ಲ. ಏಕೆ? ಪ್ರತಿಗಳನ್ನು ಯಾರಿಗೆ ಕೊಟ್ಟೆವು ಎಂಬ ಪಟ್ಟಿ ಇಲ್ಲ. ಪಟ್ಟಿ ಏಕಿಲ್ಲ? ತುರ್ತು ಆರ್ಡರುಗಳಲ್ಲಿ ಮಾರಾಟ ವಿಭಾಗದವರು ಯೋಜನಾ ವಿಭಾಗವನ್ನು ದಾಟಿ ನೇರವಾಗಿ ಶಾಪಿಗೆ ಡ್ರಾಯಿಂಗ್ ಕೊಡುತ್ತಾರೆ. ಈಗ ಸಿಕ್ಕಿತು. ಆಪರೇಟರಿಗೆ ತರಬೇತಿ ಕೊಟ್ಟರೆ ಇದರಲ್ಲಿ ಯಾವುದೂ ಬದಲಾಗುವುದಿಲ್ಲ, ಮುಂದಿನ ತಿಂಗಳು ಇನ್ನೊಬ್ಬ ಆಪರೇಟರ್ ಅದೇ ಆರು ರಂಧ್ರ ಕೊರೆಯುತ್ತಾರೆ.

10.2ನೇ ವಿಧಿ ಇನ್ನೂ ಎರಡನ್ನು ಕೇಳುತ್ತದೆ: ಇಂತಹದ್ದೇ ತಪ್ಪು ಬೇರೆ ಕಡೆ ಇದೆಯೇ, ಮತ್ತು ಮಾಡಿದ ಕ್ರಮ ಕೆಲಸ ಮಾಡಿತೇ. ಎರಡನೆಯದನ್ನು ಅದೇ ದಿನ "ಹೌದು" ಎಂದು ಬರೆಯುವವರಿದ್ದಾರೆ. ಕೆಲವು ಲಾಟುಗಳು ಹೋದ ಮೇಲೆ ತಾನೇ ಅದು ಗೊತ್ತಾಗಬೇಕಾದ್ದು?

## ಪ್ರಮಾಣಪತ್ರ ಬಂದ ಮೇಲೆ

ಲೆಟರ್‌ಹೆಡ್ಡಿನಲ್ಲಿ ಐಎಸ್‌ಒ ಲೋಗೊ ಹಾಕಬಹುದೇ?

ಐಎಸ್‌ಒದ ಲೋಗೊ ಹಾಕುವಂತಿಲ್ಲ. ಪ್ರಮಾಣೀಕರಣ ಸಂಸ್ಥೆ ಕೊಡುವ ಗುರುತನ್ನು ಅದರ ನಿಯಮದಂತೆ ಹಾಕಬಹುದು. ಬರಹದಲ್ಲಿ "ಐಎಸ್‌ಒ ಪ್ರಮಾಣಿತ" ಎಂದಷ್ಟೇ ಬರೆಯದೆ "ಐಎಸ್‌ಒ 9001:2015 ಪ್ರಮಾಣಿತ" ಎಂದು ಪೂರ್ತಿ ಬರೆಯಿರಿ.

ಮೂರೂ ಮಾನದಂಡಗಳನ್ನು ಒಟ್ಟಿಗೆ ಮಾಡಿಕೊಳ್ಳುವುದು ಜಾಣತನವೇ?

2015ರ 9001 ಮತ್ತು 14001, 2018ರ 45001 ಮೂರಕ್ಕೂ ಹತ್ತು ವಿಧಿಗಳ ಒಂದೇ ಚೌಕಟ್ಟು ಇದೆ. ಆಂತರಿಕ ಆಡಿಟ್, ಆಡಳಿತ ಪರಿಶೀಲನೆ, ದಾಖಲೆಗಳ ನಿಯಂತ್ರಣ, ಸರಿಪಡಿಸುವ ಕ್ರಮ ಎಲ್ಲಕ್ಕೂ ಒಂದೇ ವ್ಯವಸ್ಥೆ ಸಾಕು. ಆಡಿಟಿನ ದಿನಗಳೂ ಸ್ವಲ್ಪ ಕಡಿಮೆಯಾಗುತ್ತವೆ. ಮೂರನ್ನು ಮೂವರಿಗೆ ಹಂಚಿ ಮೂರು ಫೈಲು ಇಟ್ಟರೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಗುಣಮಟ್ಟದವರು ವೇಗವಾಗಿ ಒಣಗುವ ಪೇಂಟ್ ಆರಿಸುತ್ತಾರೆ, ಅದರ ಆವಿ ಸುರಕ್ಷತೆಯವರಿಗೆ ತಲೆನೋವು, ಖಾಲಿ ಡಬ್ಬಿ ಪರಿಸರದವರಿಗೆ.

ಒಟ್ಟಿಗೆ ಮಾಡುವಾಗಲೂ ಪ್ರತಿಯೊಂದರ ಸ್ವಂತ ತಿರುಳನ್ನು ಕಳೆದುಕೊಳ್ಳಬೇಡಿ. 14001ರಲ್ಲಿ ಅದು ಕಾನೂನುಬದ್ಧ ಕಟ್ಟುಪಾಡುಗಳ ಪಾಲನೆ ಮತ್ತು ತುರ್ತು ಸಿದ್ಧತೆ: ಕೂಲಂಟ್ ಚೆಲ್ಲಿದರೆ ಎಲ್ಲಿಗೆ ಹರಿಯುತ್ತದೆ? 45001ರಲ್ಲಿ ಕೆಲಸಗಾರರ ಭಾಗವಹಿಸುವಿಕೆ ಮತ್ತು ನಿಯಂತ್ರಣಗಳ ಶ್ರೇಣಿ: ಮೊದಲು ಅಪಾಯವನ್ನೇ ತೆಗೆಯಿರಿ, ಆಗದಿದ್ದರೆ ಬದಲಿಸಿ, ಆಮೇಲೆ ಗಾರ್ಡು, ನಂತರ ಸೂಚನೆ ಮತ್ತು ತರಬೇತಿ, ಕೊನೆಗೆ ಕೈಗವಸು. ಬಹುತೇಕ ಶಾಪುಗಳು ಕೈಗವಸಿನಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತವೆ.

ನಮಗೆ ನಾಲ್ಕು ಶೆಡ್‌ಗಳಿವೆ. ಎಲ್ಲ ಕಡೆಗೂ ಆಡಿಟರ್ ಬರಬೇಕೇ?

ಎಲ್ಲ ಕಡೆ ಬಹುಮಟ್ಟಿಗೆ ಒಂದೇ ಬಗೆಯ ಕೆಲಸ, ಒಂದೇ ಕೇಂದ್ರದ ಹತೋಟಿ ಇದ್ದರೆ ಮಾದರಿಯಾಗಿ ಕೆಲವನ್ನು ನೋಡಬಹುದು; ಮೊದಲ ಆಡಿಟಿಗೆ ಸ್ಥಳಗಳ ಸಂಖ್ಯೆಯ ವರ್ಗಮೂಲ ಕನಿಷ್ಠ ಮಿತಿ, ಅದರ ಮೇಲೆ ಕೇಂದ್ರ ಕಚೇರಿ. ಒಂದು ಶೆಡ್ಡಿನಲ್ಲಿ ಮೆಷಿನಿಂಗ್, ಇನ್ನೊಂದರಲ್ಲಿ ಫೌಂಡ್ರಿ ಆದರೆ ಈ ಲೆಕ್ಕ ನಡೆಯುವುದಿಲ್ಲ.

9001 ಇದ್ದರೂ ದೊಡ್ಡ ಗ್ರಾಹಕರು ಮತ್ತೆ ತಾವೇ ಆಡಿಟ್ ಮಾಡುತ್ತಾರೆ. ಹಾಗಾದರೆ ಇದರ ಪ್ರಯೋಜನವೇನು?

9001 ಕೆಳಗಿನ ಮೆಟ್ಟಿಲು. ವಾಹನ ಉದ್ಯಮಕ್ಕೆ ಐಎಟಿಎಫ್ 16949, ವಿಮಾನ ಮತ್ತು ರಕ್ಷಣಾ ವಲಯಕ್ಕೆ ಎಎಸ್ 9100, ವೈದ್ಯಕೀಯ ಸಾಧನಗಳಿಗೆ ಐಎಸ್‌ಒ 13485 ಇವೆ. ಮೊದಲ ಎರಡು 9001ರ ಮೇಲೆಯೇ ಕಟ್ಟಿದ ಮಹಡಿಗಳು, ಮೂರನೆಯದು ಅದೇ ಮನೆತನದ್ದು ಆದರೆ ಸ್ವತಂತ್ರ. ಗ್ರಾಹಕರ ಆಡಿಟ್ ನಿಮ್ಮ ವ್ಯವಸ್ಥೆಗಿಂತ ಅವರ ಪೀಸಿನ ಮೇಲೆ ಕಣ್ಣಿಡುತ್ತದೆ. ಎರಡೂ ಬೇರೆ. ವ್ಯವಸ್ಥೆ ಗಟ್ಟಿಯಾಗಿದ್ದರೆ ಗ್ರಾಹಕರ ಆಡಿಟಿಗೆ ಪ್ರತ್ಯೇಕ ತಯಾರಿ ಬೇಕಾಗುವುದಿಲ್ಲ ಎಂಬುದೇ ಪ್ರಯೋಜನ.

ಆಡಿಟರ್ ಹವಾಮಾನ ಬದಲಾವಣೆಯ ಬಗ್ಗೆ ಕೇಳಿದರು. ನಾವು ನಟ್ಟು ಬೋಲ್ಟು ಮಾಡುವವರು!

ಮಾನದಂಡಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಫಲ ಅದು. ಹವಾಮಾನ ಬದಲಾವಣೆ ನಿಮಗೆ ಸಂಬಂಧಿಸಿದ ವಿಷಯವೇ ಎಂದು ನಿರ್ಧರಿಸಿ ಎಂದು 4.1ರಲ್ಲಿ ಸೇರಿಸಿದರು, 4.2ರಲ್ಲಿ ಗ್ರಾಹಕರಂತಹ ಸಂಬಂಧಪಟ್ಟವರ ಅಗತ್ಯಗಳ ಬಗ್ಗೆ ಒಂದು ಟಿಪ್ಪಣಿ ಹಾಕಿದರು. ಯೋಚಿಸಿ "ಸಂಬಂಧವಿಲ್ಲ" ಎಂದು ತೀರ್ಮಾನಿಸಿದರೂ ಸರಿಯೇ. ಆದರೆ ಸ್ಟೋರ್ಸಿಗೆ ಮಳೆನೀರು ನುಗ್ಗುವ ಶೆಡ್ಡಿನಲ್ಲಿ ಕುಳಿತು ಸಂಬಂಧವಿಲ್ಲ ಎಂದು ಬರೆಯಬೇಡಿ.

ಪ್ರಮಾಣೀಕರಣ ಸಂಸ್ಥೆಯನ್ನು ನಡುವೆ ಬದಲಾಯಿಸಬಹುದೇ?

ಮಾನ್ಯತೆಯುಳ್ಳ, ಚಾಲ್ತಿಯಲ್ಲಿರುವ ಪ್ರಮಾಣಪತ್ರವಾದರೆ ವರ್ಗಾಯಿಸಿಕೊಳ್ಳಬಹುದು. ಹೊಸ ಸಂಸ್ಥೆ ಹಿಂದಿನ ವರದಿಗಳನ್ನು, ಬಾಕಿ ಎನ್‌ಸಿಗಳನ್ನು ನೋಡುತ್ತದೆ. ಅಮಾನತಿನಲ್ಲಿರುವ ಪ್ರಮಾಣಪತ್ರವನ್ನು ಹೀಗೆ ದಾಟಿಸಲಾಗದು.

ಮೂರು ವರ್ಷವಾಯಿತು. ಆಡಿಟಿಗೆ ಮುಂಚಿನ ವಾರ ಮಾತ್ರ ಫೈಲು ತೆರೆದು ಹಿಂದಿನ ತಾರೀಖು ಹಾಕಿ ತುಂಬಿಸುತ್ತೇವೆ. ನವೀಕರಿಸದೆ ಬಿಟ್ಟುಬಿಡೋಣವೇ?

ಗ್ರಾಹಕರು ಕೇಳುತ್ತಿಲ್ಲ, ನಿಮಗೂ ಬೇಡ ಎಂದಾದರೆ ಬಿಡಬಹುದು. ಇದು ಸ್ವಯಂಪ್ರೇರಿತ, ದಂಡವಿಲ್ಲ. ಹಿಂದಿನ ತಾರೀಖು ಹಾಕಿ ತುಂಬಿಸುವುದು ಮಾತ್ರ ಇವತ್ತೇ ನಿಲ್ಲಲಿ, ಏಕೆಂದರೆ ಅಪಘಾತವೋ ದೊಡ್ಡ ರಿಜೆಕ್ಷನ್ನೋ ಆದಾಗ ಆ ಸುಳ್ಳು ದಾಖಲೆಯ ಕೆಳಗಿನ ಸಹಿ ನಿಮ್ಮ ಕೆಲಸಗಾರರದ್ದಾಗಿರುತ್ತದೆ.

ಉಳಿಸಿಕೊಳ್ಳುವುದಾದರೆ ಕತ್ತರಿ ಹಿಡಿದು ಕುಳಿತುಕೊಳ್ಳಿ. ವರ್ಷವಿಡೀ ಯಾರೂ ತೆರೆಯದ ಪ್ರತಿ ಫಾರ್ಮಿನ ಬಗ್ಗೆ ಕೇಳಿ: ಇದನ್ನು ಮಾನದಂಡ ಕೇಳುತ್ತದೆಯೇ, ಗ್ರಾಹಕರು ಕೇಳುತ್ತಾರೆಯೇ, ನಾವು ಇದನ್ನು ನೋಡಿ ಏನಾದರೂ ತೀರ್ಮಾನ ಮಾಡಿದ್ದೇವೆಯೇ? ಮೂರಕ್ಕೂ ಇಲ್ಲವೆಂದರೆ ತೆಗೆಯಿರಿ. ಉಳಿದವುಗಳನ್ನು ಕೆಲಸ ನಡೆಯುವ ಜಾಗದಲ್ಲೇ, ಕೆಲಸ ಮಾಡುವವರೇ ತುಂಬುವಂತೆ ಮಾಡಿ. ಫಸ್ಟ್ ಪೀಸ್ ವರದಿ ಜಾಬ್ ಕಾರ್ಡಿನ ಹಿಂಭಾಗದಲ್ಲೇ ಇದ್ದರೆ ಅದಕ್ಕೆ ಬೇರೆ ಫೈಲು ಏಕೆ? ಪ್ರಮಾಣಪತ್ರದ ಮೂರು ವರ್ಷದ ಅವಧಿ ಮುಗಿಯುವ ಮುಂಚೆ ಮರುಪ್ರಮಾಣೀಕರಣದ ಆಡಿಟ್ ಮುಗಿದು, ದೊಡ್ಡ ಎನ್‌ಸಿಗಳೂ ಸರಿಯಾಗಿರಬೇಕು. ಆದ್ದರಿಂದ ಮೂರು ತಿಂಗಳ ಮುಂಚೆಯೇ ದಿನಾಂಕ ಗೊತ್ತು ಮಾಡಿ. ಅವಧಿ ಮುಗಿದರೂ ಬಾಕಿ ಕೆಲಸ ಪೂರೈಸಿ ಆರು ತಿಂಗಳೊಳಗೆ ಮತ್ತೆ ಜೀವ ಕೊಡಲು ಅವಕಾಶವಿದೆ. ಅದನ್ನೂ ದಾಟಿದರೆ ಕನಿಷ್ಠ ಸ್ಟೇಜ್ 2 ಮತ್ತೆ ಮಾಡಿಸಬೇಕಾಗುತ್ತದೆ.